ಪೈಪಿನೊಳಗಿನ ಪೋಸ್ಟರು

ಬಾಡಿಗೆ ಮನೆ ನೋಡಲು ಹೋದವರು ಮೊದಲು ನೀರಿನ ವಿಚಾರ ಕೇಳುತ್ತಾರೆ, ಆಮೇಲೆ ಬಚ್ಚಲು ನೋಡುತ್ತಾರೆ. ನಾನು ಗೋಡೆ ನೋಡುತ್ತಿದ್ದೆ. ಅಂಗೈ ಇಟ್ಟು ಶೀತವಿದೆಯೇ ಎಂದು ಪರೀಕ್ಷಿಸುತ್ತಿದ್ದೆ. ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆ, ಮಳೆ ಬಂದರೆ ಯಾವ ಮೂಲೆ ಸೋರುತ್ತದೆ, ಗೆದ್ದಲು ಕಾಣಿಸಿಕೊಂಡಿತ್ತೇ ಎಂದೆಲ್ಲ ಕೇಳುತ್ತಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ಗೌರಿಬಿದನೂರಿನ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಾಗ, ಒಂದು ಕೋಣೆ ಕೊಡಲು ಒಪ್ಪಿದ್ದ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಈ ಪರೀಕ್ಷೆಯನ್ನು ನೋಡುತ್ತ ನಿಂತಿದ್ದರು.

“ಅಲ್ಲ ಟೀಚರಮ್ಮ, ನೀವು ವಾಸಕ್ಕೆ ಬಂದಿದೀರೋ, ಗೋಡೆ ಕೊಂಡ್ಕೊಳ್ಳೋಕೆ ಬಂದಿದೀರೋ?” ಎಂದರು. “ಏನಾದ್ರೂ ಮಾಡ್ಕೊಳಿ, ಮೊಳೆ ಮಾತ್ರ ಹೊಡಿಯಂಗಿಲ್ಲ.”

ಆಯಿತು ಎಂದೆ. ನನ್ನ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತು ಸೊಂಟದೆತ್ತರದ ಒಂದು ಪ್ಲಾಸ್ಟಿಕ್ ಪೈಪು. ಯಾರದೋ ಬೋರ್‌ವೆಲ್ಲಿಗೆ ಹಾಕಿ ಉಳಿದ ತುಂಡು ಅದು. ಎರಡೂ ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಬಿಗಿದಿದ್ದೆ. ಬಸ್ಸಿನಲ್ಲಿ ಕಂಡಕ್ಟರು “ಏನಮ್ಮ ಅದು, ಕೋವಿನಾ?” ಎಂದು ಕೇಳಿದರೆ, “ಸ್ಕೂಲಿನ ಭೂಪಟ” ಅನ್ನುತ್ತಿದ್ದೆ. ಸುಳ್ಳು. ಅದರೊಳಗೆ ಇದ್ದದ್ದು ನಮ್ಮಮ್ಮ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತು ರೇಷ್ಮೆ ಹುಳು. ಹುಳುವನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸಿದ್ದು ತಮಾಷೆಗಲ್ಲ. ಹುಳ ಮೇಯಿಸುವ ಮನೆಯಲ್ಲಿ ಮೊದಲ ಊಟ ಅವಕ್ಕೆ, ಮೊದಲ ನಿದ್ದೆಯೂ ಅವಕ್ಕೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ರೇಷ್ಮೆ ಇಲಾಖೆಯ ಜೀಪು ಬಂತು. ನಮ್ಮ ಹುಳದ ಮನೆ ಚೊಕ್ಕಟವಾಗಿದೆ ಎಂದು ಇನ್ಸ್‌ಪೆಕ್ಟರು ಯಾರಿಗೋ ಹೇಳಿದ್ದರಂತೆ, ಅದಕ್ಕೆ ಫೋಟೋ ಹಿಡಿಯುವವನನ್ನು ಕರೆತಂದಿದ್ದರು. ಅಮ್ಮನನ್ನು ಚಂದ್ರಿಕೆಯ ಪಕ್ಕ ನಿಲ್ಲಿಸಿದರು. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆ ಅದು, ಆಳೆತ್ತರ ಇರುತ್ತದೆ. ಅದರ ತುಂಬ ಅರಿಶಿನ ಬಣ್ಣದ ಗೂಡು. ಅಮ್ಮನಿಗೆ ಆಗ ಒಂದೇ ಚಿಂತೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು. ಫೋಟೋದವನು ಮೂರು ಸಲ “ಈ ಕಡೆ ನೋಡೀಮ್ಮ” ಅಂದ. ಮೂರು ಸಲವೂ ಅವಳ ಕಣ್ಣು ಅಡುಗೆಮನೆಯ ಬಾಗಿಲ ಕಡೆಗೇ ಜಾರಿತು. ಅಲ್ಲಿ ನಿಂತಿದ್ದ ಅಪ್ಪ, “ಹಾಲು ನಾನ್ ನೋಡ್ಕೋತೀನಿ, ನೀನು ನಿಂತ್ಕೊ” ಅಂದ. ಅವನು ಹಾಲು ನೋಡಲಿಲ್ಲ, ಅಮ್ಮನನ್ನು ನೋಡಿದ. ಹಾಲು ಉಕ್ಕಿ ಒಲೆ ಆರಿತು. ಅಷ್ಟರಲ್ಲಿ ಫೋಟೋ ಆಗಿತ್ತು.

ಮರುವರ್ಷ ಪೋಸ್ಟರು ಬಂತು. ಒಂದಲ್ಲ, ಒಂದು ಕಟ್ಟು. ಸುತ್ತಲಿನ ಹಳ್ಳಿಗಳಿಗೆ ಹಂಚಿ ಎಂದು ನಮ್ಮ ಜಗಲಿಯ ಮೇಲೆ ಇಳಿಸಿ ಹೋದರು. ಎರಡಡಿ ಅಗಲ, ಮೂರಡಿ ಉದ್ದ, ದಪ್ಪ ಕಾಗದ. ಮೇಲೆ ಅಮ್ಮ, ಕೆಳಗೆ ಕೆಂಪಕ್ಷರದಲ್ಲಿ ‘ಹಾಸು ದಿನವೂ ಬದಲಿಸಿ, ಹುಳುವನ್ನು ರೋಗದಿಂದ ಉಳಿಸಿ’ ಎಂಬ ಬರಹ. ಅಮ್ಮ ಚಿಂತಾಮಣಿ ಕಡೆಯವಳು, ತವರಿನಲ್ಲಿ ತೆಲುಗು. ಆಶ್ಚರ್ಯವಾದರೆ ಬಾಯಿಗೆ ಬರುತ್ತಿದ್ದದ್ದೂ ಅದೇ. “ನಾ ಮೊಖಮಾ ಇದಿ?” ಅಂದಳು. ಇದು ನನ್ನ ಮುಖವೇ ಎಂದು ತನ್ನನ್ನೇ ಕೇಳಿಕೊಂಡು, ನಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಒಂದನ್ನು ಅಪ್ಪ ಮೈದಾ ಗೋಂದು ಹಚ್ಚಿ ಹುಳದ ಮನೆಯ ಗೋಡೆಗೆ ಅಂಟಿಸಿದ. ನಾಲ್ಕೈದನ್ನು ಊರವರು ಒಯ್ದರು. ಉಳಿದ ಕಟ್ಟು ಜಗಲಿಯ ಮೇಲೆ ಬಿದ್ದಿತ್ತು. ಆಗ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ದಾಟಿ ಬಕಾಸುರನ ಹಾಗೆ ತಿನ್ನುತ್ತಿದ್ದವು. ಹುಳು ಮೇಯುವ ಬಿದಿರಿನ ತಟ್ಟೆಗೆ ಹಾಸಲು ಹಳೇ ಪೇಪರು ಮುಗಿದಿತ್ತು. ಅಮ್ಮ ಒಂದು ಪೋಸ್ಟರು ಎತ್ತಿ ಬೆರಳಿನಿಂದ ತೀಡಿ ನೋಡಿದಳು. ಹಿಂಬದಿ ಬೆಳ್ಳಗೆ, ಮಸಿಯಿಲ್ಲ, ದಪ್ಪ. ಇದಕ್ಕಿಂತ ಒಳ್ಳೆಯ ಹಾಸು ಯಾವ ಅಂಗಡಿಯಲ್ಲಿ ಸಿಗುತ್ತದೆ? ತನ್ನ ಮುಖವನ್ನು ಕೆಳಗೆ ಮಾಡಿ ತಟ್ಟೆಗೆ ಹಾಸಿ, ಮೇಲೆ ಹುಳು ಬಿಟ್ಟು, ಸೊಪ್ಪು ಹಾಕಿದಳು.

“ಅಮ್ಮ, ಹಂಚಬೇಕಲ್ವಾ?” ಎಂದೆ.

“ಹಾಸು ಬದಲಾಯ್ಸಿ ಅಂತ ಅದ್ರಲ್ಲೇ ಬರ್ದಿದೆಯಲ್ಲೇ” ಅಂದಳು.

ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಒಂದು ಬೆಳೆ ಮುಗಿಯುವುದರಲ್ಲಿ ಇಡೀ ಕಟ್ಟು ಖಾಲಿ. ದಿನವೂ ಹಿಕ್ಕೆ, ಒಣಗಿದ ಸೊಪ್ಪಿನ ಸಮೇತ ಕಾಗದವನ್ನು ಸುರುಳಿ ಮಾಡಿ ತಿಪ್ಪೆಗೆ ಎಸೆದು ಬರುತ್ತಿದ್ದವಳು ನಾನೇ.

ಅದಾಗಿ ವರ್ಷ ತುಂಬುವ ಮೊದಲೇ ಅಮ್ಮ ಹೋದಳು. ಜ್ವರ ಬಂತು, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು, ನಾಲ್ಕನೇ ದಿನ ವಾಪಸು ತಂದೆವು. ತಿಥಿಯ ದಿನ ಯಾರೋ ಹಿರಿಯರು “ಹಾರ ಹಾಕೋಕೆ ಫೋಟೋ ತನ್ನಿ” ಅಂದರು. ಫೋಟೋ ಎಲ್ಲಿತ್ತು? ಮದುವೆಯಲ್ಲಿ ಹಿಡಿಸಿರಲಿಲ್ಲ. ಮುಖ ಅಂಟಿಸಿದ ಗುರುತಿನ ಚೀಟಿಗಳು ನಮ್ಮ ಹಳ್ಳಿಗೆ ಆಗಿನ್ನೂ ಬಂದಿರಲಿಲ್ಲ. ಅಪ್ಪ ಎದ್ದು ಹುಳದ ಮನೆಗೆ ಹೋಗಿ ಗೋಡೆಯ ಮುಂದೆ ನಿಂತ. ನಾನು ಮನೆಯ ಹಿಂದಿನ ತಿಪ್ಪೆಗೆ ಓಡಿದೆ. ಮಂಡಿಯವರೆಗೆ ಇಳಿದು, ಕೈಗೆ ಸಿಕ್ಕಿದ ಕೋಲಿನಿಂದ ಕೆದಕಿದೆ. ಕಪ್ಪು ಗೊಬ್ಬರ ಬಿಟ್ಟು ಏನೂ ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಆ ತಿಪ್ಪೆಯಲ್ಲಿ ಆಯಿತು.

ಅವತ್ತಿನಿಂದ ಅಪ್ಪ ದಿನಾ ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಬೆರಳನ್ನು ಕುಂಕುಮದಲ್ಲಿ ಅದ್ದಿ ಪೋಸ್ಟರಿನ ಅಮ್ಮನ ಹಣೆಗಿಡುತ್ತಿದ್ದ. ಮುತ್ತೈದೆಯಾಗಿ ಹೋದವಳ ಹಣೆ ಬೋಳಾಗಿರಬಾರದು ಎಂಬುದು ಅವನ ಮಾತು. ಫೋಟೋಕ್ಕೆ ಗಾಜಿದ್ದರೆ ಕುಂಕುಮ ಗಾಜಿನ ಮೇಲೆ ನಿಲ್ಲುತ್ತದೆ. ಇದು ಬರೀ ಕಾಗದ. ತಿಂಗಳಿಗೆ ಹಣೆ ಕಪ್ಪಾಯಿತು, ಆರು ತಿಂಗಳಿಗೆ ಸವೆಯಿತು. ಹೀಗೆ ಮಾಡಬೇಡ ಎಂದು ಹೇಳಿ ಹೇಳಿ ನನ್ನ ಬಾಯಿ ನೊಂದಿತು. ಒಂದು ಮಳೆಗಾಲದ ಬೆಳಗ್ಗೆ, ಗೋಡೆಯೂ ಒದ್ದೆ, ಬೆರಳೂ ಒದ್ದೆ. ಅಪ್ಪ ಬೆರಳು ತೆಗೆದಾಗ ಅದರ ಜೊತೆಗೆ ಹಣೆಯೂ ಒಂದು ಕಣ್ಣೂ ಎದ್ದು ಬಂತು.

“ಅಮ್ಮನ್ನ ನೀನೇ ಅಳಿಸಿ ಹಾಕ್ಬಿಟ್ಟೆ ಕಣಪ್ಪ” ಎಂದು ಕಿರುಚಿದೆ. “ನಿನ್ ಕೈಗೆ ಏನು ಕೊಟ್ರೂ ಕೆಟ್ಟೋಗತ್ತೆ.”

ಅಪ್ಪ ಬೆರಳಿಗೆ ಅಂಟಿದ್ದ ಕಾಗದದ ಚೂರನ್ನೇ ನೋಡುತ್ತ ನಿಂತಿದ್ದ. ಉಳಿದ ಕಾಗದವನ್ನು ಗೆದ್ದಲು ತಿಂದು ಮುಗಿಸಿತು. ನಾನು ಹುಳದ ಮನೆಗೆ ಕಾಲಿಡುವುದನ್ನೇ ಬಿಟ್ಟೆ.

ಟೀಚರ್ ತರಬೇತಿಗೆಂದು ಚಿಕ್ಕಬಳ್ಳಾಪುರಕ್ಕೆ ಸೇರಿದ ಮೇಲೆ ನನ್ನ ಕಾಲಿಗೆ ಚಕ್ರ ಬಂತು. ಎಲ್ಲೋ ಒಂದು ಕಡೆ ಇನ್ನೊಂದು ಪೋಸ್ಟರು ಇರಲೇಬೇಕು. ಶನಿವಾರ ಅರ್ಧ ದಿನ ಮುಗಿದರೆ ಸಾಕು, ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ಗೂಡಿನ ಮಾರುಕಟ್ಟೆಗಳ ಗೋಡೆ, ಮೊಟ್ಟೆ ಕೊಡುವ ಕೇಂದ್ರಗಳ ವರಾಂಡ, ಪೆರೇಸಂದ್ರದಲ್ಲಿ ರಸ್ತೆ ಬದಿಯ ಅಂಗಡಿಗಳ ಬಾಗಿಲು, ಒಂದನ್ನೂ ಬಿಡಲಿಲ್ಲ. ಚಿಂತಾಮಣಿಯ ಒಂದು ಹಳೇ ಗೋಡೆಯಲ್ಲಿ, ಸಿನಿಮಾ ಪೋಸ್ಟರುಗಳ ಪದರದ ಕೆಳಗೆ, ಮೂರು ಹಸಿರು ಬಳೆ ತೊಟ್ಟ ಒಂದು ಕೈ ಕಂಡಿತು. ಅಮ್ಮನ ಕೈ. ಸೀರೆ ಸೆರಗನ್ನು ನೀರಿನಲ್ಲಿ ಅದ್ದಿ ಒತ್ತಿ, ಉಗುರಿನಿಂದ ಒಂದೊಂದೇ ಪದರ ಬಿಡಿಸಿದೆ. ಗೋಂದು ಕಲ್ಲಾಗಿತ್ತು. ಮೇಲಿನ ನಾಯಕ, ಖಳನಾಯಕ, ಅಮ್ಮ ಎಲ್ಲರೂ ಒಟ್ಟಿಗೆ ಚೂರು ಚೂರಾಗಿ ಕೈಗೆ ಬಂದರು. ರಸ್ತೆಯಲ್ಲಿ ಹೋಗುವವರು ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಎಂದು ಅಲ್ಲೇ ನಿಂತು ಅತ್ತೆ.

ಕೊನೆಗೆ ಸಿಕ್ಕಿದ್ದು ಗೌರಿಬಿದನೂರಿನ ರೇಷ್ಮೆ ಇಲಾಖೆಯ ಕಚೇರಿಯಲ್ಲಿ. ಅಲೀಪುರದಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯ ಅಟೆಂಡರು ನನ್ನ ಕಥೆಯನ್ನೆಲ್ಲ ಕೇಳಿ, ಸ್ಟೂಲು ಹಾಕಿ ಬೀರುವಿನ ತಲೆಯ ಮೇಲೆ ಕೈಯಾಡಿಸಿದರು. ಧೂಳು ಹಿಡಿದ ಸುರುಳಿಗಳಲ್ಲಿ ಮೂರನೆಯದನ್ನು ಬಿಚ್ಚಿದಾಗ ಅಮ್ಮ ಅಡುಗೆಮನೆಯ ಕಡೆ ನೋಡುತ್ತಿದ್ದಳು. ನಾನು ಕುರ್ಚಿ ಹಿಡಿದುಕೊಂಡೆ. ಅವರು ಹೆಗಲ ಟವೆಲ್ಲಿನಿಂದ ಧೂಳು ಒರೆಸಿ ನನ್ನ ಕೈಗಿಟ್ಟರು.

“ತಗೊಂಡ್ಹೋಗು ಬೇಟಿ. ತಾಯಿ ಮುಖ ಬೀರು ಮೇಲೆ ಬಿದ್ದಿರಬಾರ್ದು.”

ನೆಟ್ಟಗೆ ಊರಿಗೆ ಹೋಗಿ ಅಪ್ಪನಿಗೆ ತೋರಿಸಬೇಕಿತ್ತು. ಬಸ್ಸು ಹತ್ತಿದ್ದೂ ಅದಕ್ಕೇ. ಆದರೆ ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಅಪ್ಪನ ಒದ್ದೆ ಬೆರಳು ಕಣ್ಣಮುಂದೆ ಬಂದು, ಅಲ್ಲೇ ಇಳಿದುಬಿಟ್ಟೆ. ಮೊದಲು ಭದ್ರ ಮಾಡೋಣ, ಆಮೇಲೆ ತೋರಿಸೋಣ ಎಂದುಕೊಂಡೆ. ಆ ‘ಆಮೇಲೆ’ ಏಳೆಂಟು ವರ್ಷ ಎಳೆಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಭದ್ರ ಮಾಡುವುದು ಹೇಗೆ? ಮರದ ಕಟ್ಟು, ಗಾಜು ಹಾಕಿಸುವಷ್ಟು ಸಂಬಳವಿರಲಿಲ್ಲ. ಇದ್ದರೂ ಮೂರಡಿ ಗಾಜನ್ನು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಬಸ್ಸಿನಲ್ಲಿ ಸಾಗಿಸುವುದುಂಟೇ? ಅಗ್ಗದಲ್ಲೇ ದಾರಿ ಹುಡುಕಬೇಕಿತ್ತು. ಅಮ್ಮನ ಮೇಲೆ ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಪೋಸ್ಟರುಗಳನ್ನು ತಂದೆ. ನಗುವ ಮಗು, ಜಲಪಾತ, ಜೋಡಿ ನವಿಲು, ಹಿಮದ ಬೆಟ್ಟ. ಅವೆಲ್ಲ ನನ್ನ ಪ್ರಯೋಗಕ್ಕೆ ಸಿಕ್ಕ ಬಡಪಾಯಿಗಳು. ನನ್ನ ಕೋಣೆಗೆ ಬಂದ ಜೊತೆ ಟೀಚರುಗಳು “ಏನೇ ಇದು, ಸಲೂನ್ ಇಟ್ಟಿದೀಯಾ?” ಎಂದು ರೇಗಿಸುತ್ತಿದ್ದರು.

ಮಗುವಿನ ನಾಲ್ಕು ಮೂಲೆಗೆ ಸೆಲೋಟೇಪು ಹಚ್ಚಿದೆ. ವರ್ಷದಲ್ಲಿ ಟೇಪು ಒಣಗಿ ಉದುರಿತು, ಅದರ ಗೋಂದು ಮಾತ್ರ ಕಾಗದದೊಳಗೆ ಇಳಿದು ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿತು. ಜಲಪಾತವನ್ನು ಕಿಟಕಿಯ ಎದುರು ಹಾಕಿ ನೋಡಿದೆ. ಒಂದೇ ಬೇಸಿಗೆಯಲ್ಲಿ ದಡದ ಕೆಂಪು ಹೂಗಳೆಲ್ಲ ಬಿಳಿಚಿ, ಇಡೀ ಕಾಡು ನೀಲಿಯಾಯಿತು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು “ಬಿಸಿಲಿಗೆ ಮೊದಲು ಸಾಯೋದು ಕೆಂಪು, ಹಳದಿ ಕಣಮ್ಮ. ನೀಲಿ ಗಟ್ಟಿ ಜೀವ” ಅಂದರು. ಅಮ್ಮನ ಪೋಸ್ಟರಿನಲ್ಲಿ ಕೆಂಪು ಇದ್ದದ್ದು ಕುಂಕುಮದಲ್ಲಿ, ಹಳದಿ ಇದ್ದದ್ದು ಅರಿಶಿನ ಕೆನ್ನೆಯಲ್ಲಿ. ಅವತ್ತೇ ಕಿಟಕಿಗೆ ಹಳೇ ಕಪ್ಪು ಕೊಡೆಯ ಬಟ್ಟೆ ಹೊಲಿದು ಪರದೆ ಹಾಕಿದೆ. ಆದರೂ ಪಾಠದ ಮಧ್ಯೆ, ಪರದೆ ಸರಿಸಿ ಬಂದೆನೇನೋ ಎಂಬ ಅನುಮಾನ ಎದ್ದು, ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ ಮನೆಗೆ ಓಡಿಬಂದ ದಿನಗಳಿವೆ. ಅಮ್ಮ ಆಗ ಗೋಡೆಯ ಮೇಲೆ ಇರಲೇ ಇಲ್ಲ, ಪೈಪಿನಲ್ಲಿದ್ದಳು! ಅದು ಗೊತ್ತಿದ್ದೇ ಓಡುತ್ತಿದ್ದೆ.

ನವಿಲುಗಳನ್ನು ಪಾಲಿಥಿನ್ ಹಾಳೆಗಳ ನಡುವೆ ಇಟ್ಟು, ಅಂಚಿಗೆ ಗರಗಸದ ಬ್ಲೇಡು ಒತ್ತಿ, ಮೇಣದಬತ್ತಿಯ ಉರಿ ಆಡಿಸಿ ಬೆಸೆದೆ. ನೀರು ಒಳಗೆ ಹೋಗಬಾರದು ಎಂದು ಮಾಡಿದ್ದು. ಒಳಗಿದ್ದ ಆವಿ ಹೊರಗೆ ಹೋಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು, ಮಳೆಗಾಲಕ್ಕೆ ನವಿಲಿನ ಬಾಲದ ತುಂಬ ಬೂಷ್ಟು. ಚಿಕ್ಕಬಳ್ಳಾಪುರದಲ್ಲಿ ಹೊಸದಾಗಿ ಲ್ಯಾಮಿನೇಷನ್ ಅಂಗಡಿ ತೆರೆದಿದೆ ಎಂದು ಕೇಳಿ ಹಿಮದ ಬೆಟ್ಟವನ್ನು ಒಯ್ದೆ. ಬಿಸಿ ಯಂತ್ರದಿಂದ ಹೊರಬಂದ ಬೆಟ್ಟದ ಮೇಲೆ ಅಂಗೈಯಗಲದ ಗುಳ್ಳೆ. “ಹತ್ತರಲ್ಲಿ ಒಂದು ಹಂಗಾಗತ್ತೆ ಮೇಡಂ” ಅಂದ ಅಂಗಡಿಯವನು. ನನ್ನ ಹತ್ತಿರ ಇದ್ದದ್ದು ಒಂದೇ.

ಇಷ್ಟರಲ್ಲಿ ಒಂದೆರಡು ಉಪಾಯ ಫಲಿಸಿದವು. ಶಾಲೆಯ ಭೂಪಟದ ಹಾಗೆ ಪೋಸ್ಟರಿನ ಮೇಲಂಚನ್ನೂ ಕೆಳಂಚನ್ನೂ ಎರಡೆರಡು ಮರದ ಪಟ್ಟಿಗಳ ನಡುವೆ ಹಿಡಿಸಿ, ಪಟ್ಟಿಗಳನ್ನು ಮಾತ್ರ ದಾರದಿಂದ ಬಿಗಿದರೆ ಕಾಗದಕ್ಕೆ ಮೊಳೆಯೂ ಇಲ್ಲ, ಗೋಂದೂ ಇಲ್ಲ. ಬಾಗಿಲ ಮೇಲಿನ ಚಿಲಕಕ್ಕೋ ಕಿಟಕಿ ಸರಳಿಗೋ ನೇತುಹಾಕಿದರೆ ಮನೆಯೊಡತಿಯ ಗೋಡೆಯೂ ಸುರಕ್ಷಿತ. ಗೋಡೆಗೂ ಕಾಗದಕ್ಕೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟರೆ ಶೀತ ತಾಗುವುದಿಲ್ಲ. ಮುಟ್ಟುವ ಮೊದಲು ಕೈ ತೊಳೆದು ಒಣಗಿಸಿಕೊಳ್ಳಬೇಕು. ಇಷ್ಟು ಕಲಿತ ಮೇಲೂ ಅಮ್ಮನನ್ನು ಪೈಪಿನಿಂದ ಹೊರಗೆ ತೆಗೆಯಲಿಲ್ಲ. ಇನ್ನೂ ಒಂದು ಪ್ರಯೋಗ ಆಗಲಿ, ಇನ್ನೊಂದು ಮಳೆಗಾಲ ಕಳೆಯಲಿ ಎಂದು ಮುಂದೂಡುತ್ತಲೇ ಇದ್ದೆ. ಅಷ್ಟರಲ್ಲಿ ನನಗೆ ಚಿಂತಾಮಣಿಗೆ ವರ್ಗವಾಯಿತು.

ಸಾಮಾನು ಸಾಗಿಸಲು ಅಪ್ಪ ಬಂದ. ಟ್ರಂಕು, ಹಾಸಿಗೆ ಲಾರಿಯಲ್ಲಿ ಹೋದವು. ಪೈಪನ್ನು ನಾನೇ ಹಿಡಿದುಕೊಂಡಿದ್ದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡ.

“ಏನಮ್ಮ ಇದು?”

“ಭೂಪಟ ಅಪ್ಪ. ಸ್ಕೂಲಿಂದು.”

“ಹಂಗಾದ್ರೆ ಹುಷಾರಾಗಿ ಹಿಡ್ಕೋಬೇಕು” ಎಂದು ಹೆಗಲಿಗಿಟ್ಟುಕೊಂಡ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಶಿಡ್ಲಘಟ್ಟ ದಾಟಿ ಚಿಂತಾಮಣಿಯವರೆಗೂ, ಜನ ತಳ್ಳಿದಾಗಲೆಲ್ಲ ಪೈಪಿಗೆ ಪೆಟ್ಟು ಬೀಳದಂತೆ ಮೈ ಅಡ್ಡ ಕೊಟ್ಟು ನಿಂತಿದ್ದ. ತನ್ನ ಹೆಂಡತಿಯನ್ನು ಹೊತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತು. ನಾಲಿಗೆ ತುದಿಗೆ ಹತ್ತು ಸಲ ಬಂತು. ಹೇಳಲಿಲ್ಲ. ಇಷ್ಟು ವರ್ಷ ಏಕೆ ಮುಚ್ಚಿಟ್ಟೆ ಎಂದು ಕೇಳಿದರೆ ಉತ್ತರ ಏನಿತ್ತು?

ಚಿಂತಾಮಣಿಯ ಮನೆಯಲ್ಲಿ ಜಿರಳೆ, ಬೆಳ್ಳಿ ಬಣ್ಣದ ಪುಸ್ತಕದ ಹುಳುಗಳ ಕಾಟ. ಯಾರೋ ನುಸಿಗುಳಿಗೆ ಹಾಕಿ ಅಂದರು. ಒಂದು ಹಿಡಿ ನುಸಿಗುಳಿಗೆಯನ್ನು ಪೈಪಿನೊಳಗೆ ಸುರಿದು ಬಾಯಿ ಬಿಗಿದೆ. ಆ ವರ್ಷ ಮಳೆ ಹಿಡಿದು ಬಾರಿಸಿತು. ಮಳೆ ನಿಂತ ಮೇಲೊಂದು ಭಾನುವಾರ ತೆಗೆದು ನೋಡಿದರೆ, ತುದಿಯ ರಬ್ಬರು ಬಿರುಕು ಬಿಟ್ಟು ಒಳಗೆ ಶೀತ ಸೇರಿತ್ತು. ಸುರುಳಿಯ ಅಂಚುಗಳು ಒಂದಕ್ಕೊಂದು ಮೆತ್ತಗೆ ಅಂಟಿದ್ದವು, ಕೆಂಪಕ್ಷರಗಳ ಮೇಲೆ ಬಿಳಿ ಬೂಷ್ಟಿನ ಚುಕ್ಕೆ. ಎಳೆದರೆ ಹರಿಯುತ್ತದೆ, ಬಿಟ್ಟರೆ ಕೊಳೆಯುತ್ತದೆ. ಬಿಸಿಲಿಗಿಡಲೇ, ಇಸ್ತ್ರಿ ಹಾಕಲೇ ಎಂದು ಮನೆ ತುಂಬ ಓಡಾಡಿದೆ. ಒದ್ದೆ, ಒಣ, ಬೂಷ್ಟು ಇವುಗಳ ಜೊತೆ ಜೀವಮಾನ ಕಳೆದ ಒಬ್ಬನೇ ಮನುಷ್ಯ ನನಗೆ ಗೊತ್ತಿದ್ದದ್ದು. ಪೈಪು ಎತ್ತಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅಪ್ಪ ಹುಳದ ಮನೆಯಿಂದ ಹೊರಗೆ ಬಂದು ಮೂಗು ಅರಳಿಸಿದ.

“ನುಸಿಗುಳಿಗೆ ತಂದಿದೀಯಾ? ಅಲ್ಲೇ ನಿಂತ್ಕೊ! ಹುಳ ಇನ್ನೇನು ನಾಲ್ಕೈದು ದಿನಕ್ಕೆ ಹಣ್ಣಾಗ್ತವೆ ಕಣಮ್ಮ, ಆ ವಾಸ್ನೆ ತಾಕಿದ್ರೆ ಒಂದೂ ಉಳಿಯಲ್ಲ.”

ಹೌದಲ್ಲ! ಹುಳದ ಮನೆಯ ಮಗಳಾಗಿ ಇದನ್ನು ಮರೆತಿದ್ದೆ. ಬೇಲಿಯಾಚೆ ಹೊಂಗೆ ಮರದ ಕೆಳಗೆ ನಿಂತುಕೊಂಡೆ. ಅಪ್ಪ ಈಚೆ, ನಾನು ಆಚೆ. ಅಲ್ಲಿಂದಲೇ ಕೂಗಿ ಹೇಳಬೇಕಾಯಿತು.

“ಅಪ್ಪ, ಇದು ಭೂಪಟ ಅಲ್ಲ. ಅಮ್ಮನ ಪೋಸ್ಟರು.”

ಗೌರಿಬಿದನೂರಿನಲ್ಲಿ ಸಿಕ್ಕಿದ್ದು, ಮುಚ್ಚಿಟ್ಟಿದ್ದು, ಬಸ್ಸಿನಲ್ಲಿ ಅವನೇ ಹೊತ್ತದ್ದು, ಈಗ ಕೆಡುತ್ತಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಗೆ ಹೋದ. ಒಂದು ದೊಡ್ಡ ಬಿದಿರಿನ ತಟ್ಟೆ, ಮರಿಹುಳುವಿನ ಕೆಳಗೂ ಮೇಲೂ ಹಾಕುವ ಮೇಣದ ಕಾಗದದ ಹಾಳೆಗಳನ್ನು ತಂದ. ಹೊಂಗೆಯ ನೆರಳಿನಲ್ಲಿ ಕೂತು, ಸುರುಳಿಯನ್ನು ಮೂಗಿನ ಹತ್ತಿರ ಹಿಡಿದು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡಿದ.

“ಅವಸರ ಮಾಡ್ಬಾರ್ದು. ಗಾಳಿ ಆಡ್ಲಿ. ಅದೇ ಬಿಟ್ಕೊಳತ್ತೆ.”

ಹಾಗೇ ಆಯಿತು. ಆ ಸಂಜೆ ಅಂಗೈಯಗಲ, ಮರುದಿನ ಮೊಣಕೈಯುದ್ದ, ಅಷ್ಟಷ್ಟೇ ಬಿಚ್ಚಿಕೊಳ್ಳುತ್ತ ಬಂತು. ಬಿಚ್ಚಿದಷ್ಟಕ್ಕೂ ಕೆಳಗೊಂದು, ಮೇಲೊಂದು ಮೇಣದ ಕಾಗದ. ಬೂಷ್ಟನ್ನು ಒಣ ಕೋಳಿಪುಕ್ಕದಿಂದ ತಾಗಿಯೂ ತಾಗದಂತೆ ಗುಡಿಸಿದ. ಆಗಷ್ಟೇ ಮೊಟ್ಟೆಯೊಡೆದ ಚಾಕಿಯ ಮರಿಹುಳುಗಳನ್ನು ಎತ್ತುವುದೂ ಅದೇ ಪುಕ್ಕದಿಂದ. ಇರುವೆ ಹತ್ತಬಾರದೆಂದು ತಟ್ಟೆಯನ್ನಿಟ್ಟ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟ. ನಾನು ಎಂಟು ವರ್ಷ ಟೇಪು, ಪಾಲಿಥಿನ್ನು, ಯಂತ್ರ ಎಂದು ಊರೂರು ಅಲೆದಿದ್ದೆ. ಬೇಕಾದದ್ದೆಲ್ಲ ನಮ್ಮ ಹುಳದ ಮನೆಯ ಅಟ್ಟದ ಮೇಲಿತ್ತು. ರಜೆ ಹಾಕಿ ಮೂರು ದಿನ ಅಲ್ಲೇ ಉಳಿದೆ. ಕೂತಲ್ಲಿ ಕೂರಲಾರದೆ ಐದು ನಿಮಿಷಕ್ಕೊಮ್ಮೆ ಎದ್ದು ನೋಡುತ್ತಿದ್ದೆ. ಅಪ್ಪ “ನಿಮ್ಮಮ್ಮನ ಥರಾನೇ ಕಣೇ, ಒಂದು ಕಡೆ ಕಾಲು ನಿಲ್ಲಲ್ಲ” ಅಂದ.

ಮೂರನೇ ದಿನ ಕಾಗದ ಚಪ್ಪಟೆಯಾಗಿ ಮಲಗಿತ್ತು. ಹಣೆ, ಕಣ್ಣು, ಬಳೆ ಎಲ್ಲ ನೆಟ್ಟಗಿದ್ದವು. ಅಪ್ಪ ಒಂದು ಸಲವೂ ಅಮ್ಮನ ಮುಖಕ್ಕೆ ಬೆರಳು ತಾಗಿಸಿರಲಿಲ್ಲ. ಅದು ನನಗೆ ಗೊತ್ತಾಗಿತ್ತು.

“ಇಲ್ಲೇ ಇರ್ಲಿ ಅಪ್ಪ” ಎಂದೆ.

“ಬೇಡಮ್ಮ, ನೀನೇ ತಗೊಂಡ್ಹೋಗು” ಅಂದ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. “ನನ್ ಕೈಗೆ ಏನು ಕೊಟ್ರೂ ಕೆಟ್ಟೋಗತ್ತೆ.”

ನಾನು ಹದಿನೇಳನೇ ವಯಸ್ಸಿನಲ್ಲಿ ಕಿರುಚಿದ ಮಾತು, ‘ನಿನ್’ ಹೋಗಿ ‘ನನ್’ ಆದದ್ದು ಬಿಟ್ಟರೆ ಒಂದಕ್ಷರ ಆಚೀಚೆ ಇಲ್ಲದೆ. ಅವನ ಮುಂದೆ ನಿಲ್ಲಲಾಗದೆ ಎದ್ದೆ. ಮೂರು ದಿನ ತಲೆಗೆ ನೀರು ಹೊಯ್ದುಕೊಂಡು ನುಸಿಗುಳಿಗೆಯ ವಾಸನೆ ಹೋಗಿತ್ತು. ಎಷ್ಟೋ ವರ್ಷಗಳ ಮೇಲೆ ಹುಳದ ಮನೆಯೊಳಗೆ ಹೋದೆ. ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ. ಆ ಗೋಡೆಯನ್ನು ನೋಡಿದೆ. ಪೋಸ್ಟರು ಇದ್ದ ಜಾಗ ಬರಿದು. ಪ್ರತಿ ಬೆಳೆಗೂ ಸುಣ್ಣ ಹೊಡೆದು ಹೊಡೆದು ಗೋಡೆ ದಪ್ಪಗಾಗಿತ್ತು. ಆದರೆ ನನ್ನ ಕಣ್ಣಿನ ಎತ್ತರಕ್ಕೆ, ಅಮ್ಮನ ಹಣೆ ಇದ್ದ ಕಡೆ, ಬಿಲ್ಲೆಯಗಲ ಜಾಗಕ್ಕೆ ಸುಣ್ಣ ತಾಗಿಸಿರಲಿಲ್ಲ. ಅಲ್ಲಿ ಕುಂಕುಮ ಪದರ ಪದರವಾಗಿ ಕೂತು ಕಪ್ಪುಗೆಂಪಾಗಿತ್ತು. ಮೇಲಿನ ಪದರ ಅವತ್ತಿನ ಬೆಳಗ್ಗಿನದು, ಇನ್ನೂ ಹಸಿಯಾಗಿತ್ತು.

ಅಪ್ಪ ನಿಲ್ಲಿಸಿರಲೇ ಇಲ್ಲ. ನಾನು ಕಾಗದ ಕಾಯುತ್ತಿದ್ದ ಅಷ್ಟೂ ವರ್ಷ ಅವನು ದಿನಾ ಬರೀ ಗೋಡೆಗೆ ಕುಂಕುಮ ಇಡುತ್ತಿದ್ದ.

ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಭರಣಿ ಎತ್ತಿಕೊಂಡು ಹೊರಗೆ ಬಂದು, ತಟ್ಟೆಯ ಪಕ್ಕ ಇಟ್ಟು, ಮೇಣದ ಕಾಗದ ಸರಿಸಿದೆ.

“ಇಡಪ್ಪ” ಎಂದೆ.

ಅಪ್ಪ ನನ್ನನ್ನೂ ಪೋಸ್ಟರನ್ನೂ ನೋಡಿದ. ಪಂಚೆಗೆ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಬೆರಳು ಭರಣಿಯವರೆಗೆ ಹೋಗಿ ನಿಂತಿತು.

“ಕೆಟ್ಟೋಗತ್ತೆ ಕಣಮ್ಮ.”

“ಕೆಟ್ರೆ ಕೆಡ್ಲಿ. ಇಡು” ಅಂದೆ. ಅಂದವಳು ಸುಮ್ಮನಿರಬಾರದೇ? “ಒದ್ದೆ ಮಾತ್ರ ಮಾಡ್ಬೇಡ” ಎಂದೂ ಸೇರಿಸಿದೆ.

ಒಣ ಬೆರಳಿನಲ್ಲಿ, ಪುಕ್ಕದಷ್ಟೇ ಹಗುರಾಗಿ, ಅಪ್ಪ ಅಮ್ಮನ ಹಣೆಗೆ ಕುಂಕುಮವಿಟ್ಟ. ಅಚ್ಚಿನ ಕುಂಕುಮದ ಮೇಲೆ ನಿಜವಾದ ಕುಂಕುಮ ಕೂತಿತು, ಸ್ವಲ್ಪ ಪಕ್ಕಕ್ಕೆ ಸರಿದು. ಅವನ ಕಣ್ಣಲ್ಲಿ ನೀರು ಬಂತು. ಅದು ಕಾಗದದ ಮೇಲೆ ಬೀಳದಂತೆ ಮುಖ ಹಿಂದಕ್ಕೆ ತೆಗೆದುಕೊಂಡ.

ಆ ಬೆಳೆಯ ಗೂಡು ಮಾರಿದ ಮೇಲೆ ಇಬ್ಬರೂ ಶಿಡ್ಲಘಟ್ಟದ ಕಟ್ಟು ಹಾಕುವ ಅಂಗಡಿಗೆ ಹೋದೆವು. ಗುಜರಿಯಲ್ಲಿ ಸಿಕ್ಕ ಹಳೇ ಕಿಟಕಿಯ ಗಾಜನ್ನು ಅಪ್ಪ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಅಂಗಡಿಯವನು ಪೋಸ್ಟರನ್ನು ಹಲಗೆಯ ಮೇಲೆ ಹರಡಿ, ಬಗ್ಗಿ ನೋಡಿ, “ಮೇಡಂ, ಹಣೆ ಮೇಲೆ ಏನೋ ಬಣ್ಣ ಮೆತ್ತಿದೆ. ಬ್ರೆಡ್ಡಿನ ಚೂರಲ್ಲಿ ಉಜ್ಜಿದ್ರೆ ಹೋಗತ್ತೆ, ಉಜ್ಲಾ?” ಎಂದ.

“ಕೈ ಇಟ್ರೆ ನೋಡಿ ಮತ್ತೆ!” ಎಂದು ನಾನು ಕೂಗಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅಪ್ಪ ಗಾಜನ್ನು ತಾನೇ ಎತ್ತಿಕೊಂಡ. ಉಸಿರು ಊದಿ, ಪಂಚೆಯ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಗ್ಗಿ, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ನಿಂತಿದ್ದ ಅಮ್ಮನಿಗೆ ಮೆಲ್ಲಗೆ ಹೇಳಿದ.

“ಹಾಲು ನಾನ್ ನೋಡ್ಕೋತೀನಿ. ನೀನು ನಿಂತ್ಕೊ.”

ಆಮೇಲೆ ಗಾಜನ್ನು ಇಳಿಸಿದ.